ಶಮಶೇರಸಾಬನ ಗಾಡಿ ಎಣ್ಣಿ

ಬ್ಯಾಡಗಿಯ ಶಮಶೇರಸಾಬನಂಥ ಗಂಡಸರು ಹೇಣ್ತಿನ್ನ ಬೇಕಾದ್ರ ಊರಮಂದಿ ಕೈಗೆ ಒಪ್ಪಿಸ್ಯಾರು, ತಮ್ಮ ಮೋಟಾರ್‌ಸೈಕಲ್ಲನ್ನ ಮಿಸ್ತ್ರಿ ಕೈಗೆ ಕೊಡೂದಿಲ್ಲ. ಅಡಿಗಿಗೆ ಓಣಿ ಅಂಗಡಿಯ ಬಿಡಿ ಎಣ್ಣಿ ನಡೀತೈತಿ, ಗಾಡಿಗೆ ಮಾತ್ರ ರಾಣೇಬೆನ್ನೂರಿಗೇ ಹೋಗಿ ಸಿಂಥೆಟಿಕ್ ಎಣ್ಣಿ ಡಬ್ಬಿ ತರಬೇಕು. ಅಂಗಳದಾಗ ಗೋಣಿಚೀಲ ಹಾಸಿ, ಇಂಜಿನ್ ಬೆಚ್ಚಗ ಮಾಡಿ, ಕರೀ ಎಣ್ಣಿ ಇಳಿಸಿ, ಹೊಸಾದು ಹಾಕುವಾಗ “ಬಿಸಲಾಗ ದಣಿದೀದಿ, ಸಾವಕಾಶ ಕುಡಿ” ಅಂತ ಗಾಡಿಗೆ ಉಪಚಾರ ಮಾಡ್ತಾನ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ. ಕಟ್ಟಿ ಮ್ಯಾಲೆ ಕುಂತು ನೋಡೋ ಹೇಣ್ತಿ ಕುಲ್ಸುಮಬಿಯ ಹೊಟ್ಟಿಕಿಚ್ಚಿಗೆ ಎರಡೂ ಜಾಸ್ತಿ. “ನನ್ನ ಮಣಕಾಲೂ ಕಟಕಟ ಅಂತಾವು, ಅದು ಕೇಳೂದಿಲ್ಲೇನ್ರಿ?” ಅಂದ್ರ, “ಸುಮ್ನಿರ, ಇಂಜಿನ್ ಏನೋ ಹೇಳಾಕತ್ತೈತಿ” ಅಂತಾನ. ಈ ಸಲ ಎಣ್ಣಿ ಇಳಿಸಿ ತಳದ ನಟ್ಟಿಗೆ ಪಾನಾ ಹಾಕಿ ಬಿಗಿ ಮಾಡುವಾಗ ಅದು ಮತ್ತ ಮತ್ತ ಜಾರಿತು. ಆಕಿ ಬಗ್ಗಿ ನೋಡಿದ್ರ, ಅವನ ಬಲಗೈ ಗಡಗಡ ನಡುಗಾಕತ್ತಿತ್ತು. “ಮಿಸ್ತ್ರಿನ್ನ ಕರೀಲೇನ್ರಿ?” “ಬ್ಯಾಡ. ಯಾರಿಗೂ ಹೇಳಬ್ಯಾಡ. ನೀನ ಬಾ.” ಆಕಿ ಪಾನಾ ಹಿಡಿದ್ಲು. ಓಣಿ ಮಂದಿ ನೋಡಾಕತ್ತಿದ್ರೂ ಆ ನಡುಗೋ ಕೈ ಆಕಿ ಕೈಮ್ಯಾಲೆ ಬಂದು ಕುಂತು, ಕೂಡೇ ತಿರುವಿತು. “ಬಿಗಿ ಆತೇನು?” ಅಂತ ಕೇಳಿದ. ನಟ್ಟು ಯಾವಾಗೋ ಬಿಗಿಯಾಗಿತ್ತು. ಕುಲ್ಸುಮಬಿ, “ಇನ್ನಾ ಸಡ್ಲ ಐತ್ರಿ” ಅಂದ್ಲು.