ಮಹಾಶಯರ ಕಿಣ್ವ, ಅವರಾಕೆಯ ಸವತಿ

ನಮ್ಮ ವಿಜ್ಞಾನಿ ಮಹಾಶಯರು ಪ್ರೀತಿಸಿದ್ದು ಒಂದು ಕಿಣ್ವವನ್ನು. ಮದುವೆಯಾದದ್ದು ಪ್ರಯೋಗಾಲಯದ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯನ್ನು. ಆಕೆ ಆ ಕಿಣ್ವವನ್ನು ಕರೆಯುತ್ತಿದ್ದುದೇ ‘ಸವತಿ’ ಎಂದು.

ಸವತಿಯ ವಾಸ, ಮನುಷ್ಯರ ರಕ್ತದಲ್ಲಿ ಬಿಟ್ಟಿ ಊಟ ಮಾಡಿಕೊಂಡಿರುವ ಒಂದು ಪರಾವಲಂಬಿ ಜೀವಿಯ ಮೈಯೊಳಗೆ. ತಿಂದ ಸಕ್ಕರೆಯನ್ನು ಶಕ್ತಿಯಾಗಿಸಲು ಆ ಜೀವಿಗೆ ಈ ಕಿಣ್ವವೊಂದೇ ಗತಿ, ಇದನ್ನು ಕಟ್ಟಿಹಾಕುವ ಔಷಧಿ ಸಿಕ್ಕರೆ ರೋಗವೇ ನಿರ್ನಾಮ ಎಂಬುದು ಮಹಾಶಯರ ಸಿದ್ಧಾಂತ. ಇದನ್ನು ಹೇಳಿ ಹೇಳಿಯೇ ಅವರ ತಲೆ ನರೆತಿತ್ತು. ಮದುವೆಮನೆ, ಸಾವಿನಮನೆ, ಕ್ಷೌರದಂಗಡಿ ಎನ್ನದೆ ಕಂಡಕಂಡವರ ತಲೆ ತಿಂದಿದ್ದರು. ಷಡ್ಡಕನಂತೂ ಇವರನ್ನು ದೂರದಿಂದ ಕಂಡರೇ ರಸ್ತೆಯ ಆ ಬದಿಗೆ ದಾಟುತ್ತಿದ್ದ.

ಒಂದು ದಿನ ಹೆಂಡತಿ ಅಂದರು: “ರೀ, ಆ ಕಿಣ್ವ ಮಾಡೋ ಜೀನನ್ನೇ ಕಿತ್ತುಹಾಕಿ ನೋಡ್ತೀನಿ. ನೀವು ಹೇಳೋದು ನಿಜ ಆದ್ರೆ ಪ್ರಾಣಿ ಸಾಯಬೇಕು.”

“ಸತ್ತೇ ಸಾಯುತ್ತೆ. ನಿಂಗೆ ಹೊಟ್ಟೆಕಿಚ್ಚು ಕಣೆ.”

ಆಕೆ ಜೀನ್ ಕಿತ್ತ ಜೀವಿಗಳನ್ನು ಒಂದು ಫ್ಲಾಸ್ಕಿನಲ್ಲೂ, ಏನೂ ಮಾಡದವನ್ನು ಹೋಲಿಕೆಗೆಂದು ಇನ್ನೊಂದರಲ್ಲೂ ಹಾಕಿ, ಮೈಶಾಖದಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನಲ್ಲಿಟ್ಟರು. ಮರುದಿನ ಮಹಾಶಯರು ಎಲ್ಲರಿಗಿಂತ ಮೊದಲು ಬಂದು ಮೊದಲ ಫ್ಲಾಸ್ಕಿನದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದೂ ಮಿಸುಕಾಡುತ್ತಿರಲಿಲ್ಲ. ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾವಲುಗಾರನನ್ನು ತಬ್ಬಿಕೊಂಡರು, ಪ್ರಯೋಗಾಲಯದ ನಿರ್ದೇಶಕರನ್ನು ಫೋನ್ ಮಾಡಿ ಎಬ್ಬಿಸಿ ಸುದ್ದಿ ಮುಟ್ಟಿಸಿದರು.

ಹೆಂಡತಿ ಬಂದವರೇ ಎರಡನೆಯ ಫ್ಲಾಸ್ಕನ್ನು ನೋಡಿದರು.

“ಇವೂ ಸತ್ತಿವೆಯಲ್ರೀ. ಇವುಗಳ ಹತ್ರ ನಿಮ್ಮ ಕಿಣ್ವ ಇತ್ತಲ್ಲ?”

ಇನ್‌ಕ್ಯುಬೇಟರ್ ಮುಟ್ಟಿದರೆ ತಣ್ಣಗಿತ್ತು. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಪ್ರೊಜೆಕ್ಟರಿನದು ವಿರಾಜಮಾನವಾಗಿತ್ತು. ಹಿಂದಿನ ಸಂಜೆ ಮಹಾಶಯರು ಖಾಲಿ ಕೋಣೆಯಲ್ಲಿ ನಿಂತು ತಮ್ಮ ಕಿಣ್ವದ ಮೇಲಿನ ಭಾಷಣವನ್ನು ಅಭ್ಯಾಸ ಮಾಡಿದ್ದರು. ಪಾಪದ ಪ್ರಾಣಿಗಳು ಚಳಿಗೆ ಸತ್ತಿದ್ದವು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕು ಮುಗಿದ ಮೇಲೆ ಆಕೆ ಹೊಸದಾಗಿ ಎಲ್ಲವನ್ನೂ ಬೆಳೆಸಿದರು. ಈ ಸಲ ಪ್ಲಗ್ಗಿಗೆ ಟೇಪು ಸುತ್ತಿದರು. ಮಹಾಶಯರು ಆ ಮೂಲೆಯತ್ತ ಸುಳಿಯಲಿಲ್ಲ.

ಕೊನೆಗೆ ನೋಡಲೇಬೇಕಾಯಿತು. ಕಿಣ್ವವಿದ್ದ ಪ್ರಾಣಿಗಳು ಆರಾಮಾಗಿ ಈಜಾಡುತ್ತಿದ್ದವು. ಕಿಣ್ವವಿಲ್ಲದವೂ ಅಷ್ಟೇ ಆರಾಮಾಗಿದ್ದವು. ಸಕ್ಕರೆ ಕರಗಿಸಿಕೊಳ್ಳಲು ಬೇರೆ ದಾರಿ ಹುಡುಕಿಕೊಂಡಿದ್ದವೋ ಏನೋ, ಇವರನ್ನು ಕೇಳಿರಲಿಲ್ಲ. ಮಹಾಶಯರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ಕಣ್ಣು ತುಂಬಿತ್ತು.

“ಇದಿಲ್ದೆ ಬದುಕಕ್ಕಾಗಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ,” ಎಂದರು. “ಬದುಕಕ್ಕಾಗದೆ ಇದ್ದದ್ದು ನಂಗೊಬ್ಬನಿಗೇ ಕಣೆ.”

ಹೆಂಡತಿಯ ನಾಲಿಗೆ ತುದಿಯಲ್ಲಿ ಚುಚ್ಚುಮಾತುಗಳು ಸಾಲುಗಟ್ಟಿ ನಿಂತಿದ್ದವು. ಗಂಡನ ಮುಖ ನೋಡಿ ಅಷ್ಟನ್ನೂ ನುಂಗಿಕೊಂಡರು.

“ನಿರ್ದೇಶಕರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ,” ಎಂದು ಮಹಾಶಯರು ಫೋನು ಕೈಗೆತ್ತಿಕೊಂಡರು.