ಎದುರುಗಾಳಿ ಮಾವ

ವಿಮಾನ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವ ಈ ಮನುಷ್ಯನಿಗೆ, ನನ್ನ ಜೊತೆ ಕಸ ಗುಡಿಸುವ ಹುಡುಗಿಯರು ಇಟ್ಟ ಹೆಸರು ಎದುರುಗಾಳಿ ಮಾವ. ದೂರದೇಶದ ವಿಮಾನ ತಡವಾದಾಗಲೆಲ್ಲ ಜನ ಇವನ ಮೇಲೆ ಹರಿಹಾಯುತ್ತಾರೆ. ಇವನು ನಿಧಾನಕ್ಕೆ ಟೇಬಲ್ ಫ್ಯಾನ್ ಹಾಕಿ, ಕಾಗದದ ವಿಮಾನವೊಂದನ್ನು ಅದರೆದುರು ಹಿಡಿದು ತಳ್ಳಿ ತೋರಿಸುತ್ತಾನೆ. "ನೋಡಿ ತಾಯಿ, ಹೊರಟಿದ್ದು ಹೊತ್ತಿಗೆ ಸರಿಯಾಗೇ. ಮೇಲೆ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ತಿದೆ, ಪಾಪ ಅದೇನ್ಮಾಡುತ್ತೆ?" "ದಾರೀಲಿ ಕಾಫಿಗೆ ನಿಂತಿದೆಯೋ ಏನೋ!" ಎಂದು ಯಾರಾದರೂ ಕುಟುಕಿದರೆ, "ಅದು ನಿಲ್ಲಬಾರದು ಸ್ವಾಮಿ" ಎನ್ನುತ್ತಾನೆ, ನಗದೆ. ಮೈ ಕೊರೆಯುವ ಚಳಿಯಲ್ಲೂ ಮಫ್ಲರ್ ಸುತ್ತಿಕೊಂಡು ಫ್ಯಾನ್ ಹಾಕುತ್ತಾನೆಯೇ ಹೊರತು ಬಿಡುವುದಿಲ್ಲ. ವಿಮಾನ ಇಳಿದದ್ದೇ ತಡ, ಜನ ಇವನನ್ನು ಮರೆತು ಬಾಗಿಲಿಗೆ ಓಡುತ್ತಾರೆ. ಬೋರ್ಡಿನಲ್ಲಿ ಒಂದು ವಿಮಾನವೂ ಉಳಿಯದೆ ಹಾಲ್ ಖಾಲಿಯಾದ ಮೇಲೂ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ; ಅದರೆದುರು ದಾರಕ್ಕೆ ಕಟ್ಟಿದ ಕಾಗದದ ವಿಮಾನ ಮುಂದಕ್ಕೂ ಬಾರದೆ, ಕೆಳಕ್ಕೂ ಬೀಳದೆ ನಡುಗುತ್ತಿರುತ್ತದೆ. ಮೊನ್ನೆ ನಾನೇ, "ಎಲ್ಲಾ ಬಂದಾಯ್ತಲ್ಲಪ್ಪ, ಕರೆಂಟು ದಂಡ" ಎಂದು ಸ್ವಿಚ್ಚಿಗೆ ಕೈಹಾಕಿದೆ. ತಣ್ಣಗೆ ಕೊರೆಯುವ ಬೆರಳುಗಳು ನನ್ನ ಮಣಿಕಟ್ಟು ಹಿಡಿದವು. "ಒಂದು ಬರಬೇಕು ಅಕ್ಕಾ, ನನ್ನ ತಂಗಿ ಇರೋದು. ನಾನು ಈ ಕೆಲಸಕ್ಕೆ ಸೇರೋ ಮುಂಚೇನೇ ಹೊರಟಿದೆ, ಹೊತ್ತಿಗೆ ಸರಿಯಾಗೇ." ಇವನ ತಲೆಗೂದಲೆಲ್ಲ ನೆರೆತದ್ದು ಈ ಕುರ್ಚಿಯಲ್ಲೇ. "ನಿಲ್ಲಿಸಬೇಡಿ" ಎಂದ, ಕಣ್ಣು ಫ್ಯಾನಿನ ಮೇಲೇ ಇಟ್ಟು. "ಮನೇಲಿ ಅಮ್ಮ ದಿನಾ ಕೇಳ್ತಾಳೆ. ಗಾಳಿನೂ ನಿಂತೋದ್ರೆ ಅವಳಿಗೆ ಏನಂತ ಹೇಳ್ಲಿ?"