ಎರಡು ಕಾಲೇಜಿನ ಹಾರಿಕಾ

ಹಾರಿಕಾ ನಮ್ಮ ಮಹಡಿ ಕೋಣೆ ಬಾಡಿಗೆಗೆ ಕೇಳಿಕೊಂಡು ಬಂದ ದಿನ ನಾನು ಗೇಟಿನ ಹತ್ತಿರ ನಿಂತು ಹಾಲಿನವನನ್ನು ಬೈಯುತ್ತಿದ್ದೆ. ನನ್ನ ಯಜಮಾನರು ಬ್ಯಾಂಕಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬಂದವರು. ಅವರು ತೀರಿಕೊಂಡ ಮೇಲೂ ದ್ವಾರಕಾ ನಗರದ ಈ ಮನೆಯಲ್ಲೇ ಉಳಿದೆ. ತೆಲುಗು ಎಷ್ಟು ಕಲಿತರೂ ಬೈಗುಳ ಮಾತ್ರ ನನಗೆ ಚಿತ್ರದುರ್ಗದ ಕನ್ನಡದಲ್ಲೇ ಬರುತ್ತದೆ.

"ನಮ್ಮಮ್ಮನೂ ಹೀಗೇ ಬೈತಿದ್ರು," ಅಂದಳು ಹುಡುಗಿ.

"ಯಾರನ್ನ?"

"ಅಪ್ಪನ್ನ. ಅವರಿಗೆ ತೆಲುಗು ಬಿಟ್ಟು ಬೇರೆ ಅರ್ಥ ಆಗ್ತಿರಲಿಲ್ಲ, ಅದಕ್ಕೆ ಸಂಸಾರ ನಡೀತು."

ಅವಳ ತಾಯಿ ಹೋಗಿ ಕೆಲವು ವರ್ಷವಾಗಿತ್ತು. ಊಟ, ಎಣ್ಣೆಸ್ನಾನ, ಜ್ವರ, ಇಷ್ಟರ ಮಟ್ಟಿಗೆ ಅವಳಲ್ಲಿ ಕನ್ನಡ ಉಳಿದುಕೊಂಡಿತ್ತು. ಕೋಣೆ ಕೊಟ್ಟೆ. ಅವತ್ತಿನಿಂದಲೇ ನಾನು ಅವಳಿಗೆ ದೊಡ್ಡಮ್ಮ.

ಊರಾಚೆಯ ಒಂದು ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಅವರು ಅವಳ ಅಸಲು ಸರ್ಟಿಫಿಕೇಟುಗಳನ್ನು ಇಟ್ಟುಕೊಂಡಿದ್ದರು. ಮೇಷ್ಟರುಗಳು ನಡುವೆ ಬಿಟ್ಟು ಹೋಗಬಾರದು ಅಂತ ಹಾಗೆ ಮಾಡುತ್ತಾರಂತೆ. ಇಟ್ಟುಕೊಂಡದ್ದಕ್ಕೆ ರಸೀದಿ ಕೊಡುವುದಿಲ್ಲ. ಆಮೇಲೆ ಅವಳಿಗೆ ಸರ್ಕಾರಿ ಕಾಲೇಜಿನ ಕೆಲಸ ಬಂತು. ಅಸಲು ತೋರಿಸಿದರಷ್ಟೇ ಸಿಗುವ ಕೆಲಸ ಅದು. ಹೋಗಿ ಕೇಳಿದಳು. ಪ್ರಿನ್ಸಿಪಾಲ್ ಜಗನ್ಮೋಹನ್, "ತಂಡ ಬಂದು ಹೋಗಲಿ," ಅಂದರು.

ಕಾಲೇಜಿನಲ್ಲಿ ಮೇಷ್ಟರು ಎಷ್ಟು, ಪಾಠ ಹೇಗೆ ಅಂತ ನೋಡಿ ದರ್ಜೆ ಕೊಡುವ ತಂಡ ಅದು. ಬಂದವರಲ್ಲಿ ಮೈಸೂರು ಕಡೆಯ ಒಬ್ಬ ಮೇಡಂ ಇದ್ದರು. ಕನ್ನಡ ಬರುತ್ತದೆಂದು ಅವರನ್ನು ಸಿಂಹಾಚಲದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಲು ಹಾರಿಕಾಳನ್ನೇ ಕಳಿಸಿದರು. ಸಂಜೆ ಅವಳು ಮುಖ ಅರಳಿಸಿಕೊಂಡು ಬಂದಳು.

"ಪುಳಿಹೋರ ಅನ್ನೋಕೆ ಬಿಡಲಿಲ್ಲ ದೊಡ್ಡಮ್ಮ. ಪುಳಿಯೋಗರೆ ಅನ್ನು, ಆಮೇಲೆ ತಿನ್ನು ಅಂದ್ರು."

"ನಿನ್ನ ಕನ್ನಡ ಕೇಳಿ ಅವರಿಗೆ ತಲೆ ನೋಯಲಿಲ್ವೇನೇ?"

"ಇಲ್ಲ. ಬೆಟ್ಟ ಇಳಿಯೋವರೆಗೂ ನನ್ನ ಕೈ ಹಿಡ್ಕೊಂಡಿದ್ರು."

ಅದೇ ಆಡಳಿತದವರ ಇನ್ನೊಂದು ಕಾಲೇಜು ವಿಜಯವಾಡದಲ್ಲಿದೆ. ಅಲ್ಲಿ ಮೇಷ್ಟರು ಸಾಲದು. ಅಲ್ಲಿಗೂ ತಂಡ ಬರುತ್ತದೆಂದು ಇಲ್ಲಿನ ಕೆಲವರನ್ನು ಬಸ್ಸಿನಲ್ಲಿ ಕರೆದೊಯ್ದು, ಅಲ್ಲಿಯವರೇ ಎನ್ನುವ ಹಾಗೆ ಕೂರಿಸುವುದು ಅವರ ಪದ್ಧತಿ. "ಒಂದು ದಿನ ಕೂತು ಬಾಮ್ಮ, ಬಂದ ಕೂಡಲೇ ನಿನ್ನ ಒರಿಜಿನಲ್ಸ್ ಕೊಡ್ತೀನಿ," ಅಂದರಂತೆ ಜಗನ್ಮೋಹನ್. ನನಗೆ ಮನಸ್ಸು ಒಪ್ಪಲಿಲ್ಲ. "ಎಲ್ಲರೂ ಹೋಗ್ತಾರೆ ದೊಡ್ಡಮ್ಮ," ಅಂದಳು. ಮೊಸರನ್ನ ಕಟ್ಟಿಕೊಟ್ಟೆ.

ಆ ತಂಡಕ್ಕೆ ಬರಬೇಕಾದವರೊಬ್ಬರು ಬರಲಾಗದೆ, ಕೊನೆಗಳಿಗೆಯಲ್ಲಿ ಅದೇ ಮೈಸೂರು ಕಡೆಯ ಮೇಡಂ ಬಂದಿದ್ದರು. ಲ್ಯಾಬಿನ ಬಾಗಿಲಲ್ಲಿ ಇವಳನ್ನು ಕಂಡು ಸಂತೋಷದಿಂದಲೇ ಕೇಳಿದರಂತೆ: "ಏನೇ ಹಾರಿಕಾ, ನೀನಿಲ್ಲಿ?"

"ಒಂದು ದಿನಕ್ಕೆ ಕರ್ಕೊಂಡು ಬಂದಿದ್ದಾರೆ ಮೇಡಂ."

ಮೇಡಂ ಅದನ್ನು ತಂಡದ ಕಾಗದದಲ್ಲಿ ಬರೆದುಕೊಂಡರು. ಸಂಜೆ ಕಾಲೇಜಿನ ಬಸ್ಸು ಇವಳನ್ನು ಬಿಟ್ಟೇ ಹೊರಟಿತು. ಬೆಂಜ್ ಸರ್ಕಲ್ಲಿನಲ್ಲಿ ನಿಂತು, ಸಿಕ್ಕಿದ ಬಸ್ಸು ಹತ್ತಿ ಬಂದಳು.

"ಹಾಗೆ ಯಾಕೆ ಹೇಳಿದೆ ಮಗಳೇ?" ಅಂದೆ.

"ತೆಲುಗಲ್ಲಿ ಕೇಳಿದ್ರೆ ಏನಾದ್ರೂ ಹೇಳ್ತಿದ್ದೆ. ಸುಳ್ಳು ಹೇಳುವಷ್ಟು ಕನ್ನಡ ನನಗೆಲ್ಲಿ ಬರುತ್ತೆ?"

ಕಾಲೇಜಿನವರು ತಂಡಕ್ಕೆ, ಈ ಹುಡುಗಿ ಯಾರೋ ಗೊತ್ತಿಲ್ಲ, ನಮ್ಮ ಯಾವ ಕಾಲೇಜಿನಲ್ಲೂ ಪಾಠ ಮಾಡಿದವಳಲ್ಲ ಎಂದುಬಿಟ್ಟರು. ಮೇಷ್ಟರೇ ಅಲ್ಲದವಳ ಸರ್ಟಿಫಿಕೇಟು ಅವರ ಹತ್ತಿರ ಹೇಗಿರುತ್ತದೆ? ಅದನ್ನು ಕೇಳಲು ಇಲ್ಲಿನ ಕಾಲೇಜಿಗೆ ನಾನೂ ಜೊತೆಗೆ ಹೋದೆ. ಹಾರಿಕಾಳಿಗೆ ದಿನಾ ನಮಸ್ಕಾರ ಹೊಡೆಯುತ್ತಿದ್ದ ಗೇಟಿನವನು, "ಯಾರು ಬೇಕಮ್ಮ?" ಅಂದ. ಸ್ಟಾಫ್ ರೂಮಿನಲ್ಲಿ ಇವಳ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿಮಬಿಂದು ಹೊರಗೆ ಬಂದು ಅತ್ತಳು. ತನ್ನ ಸರ್ಟಿಫಿಕೇಟುಗಳೂ ಒಳಗಿವೆ, ಸಾಕ್ಷಿ ಹೇಳಲಾರೆ ಅಂದಳು. ಸರ್ಕಾರದವರು ಕೊಟ್ಟ ಗಡುವು ಹಾಗೇ ಕಳೆದುಹೋಯಿತು.

ನಾನು ಹಾರಿಕಾಳನ್ನು ಕೊನೆಯದಾಗಿ ನೋಡಿದ್ದು, ಅವಳು ಕೋಣೆ ಖಾಲಿ ಮಾಡಿ ಅಪ್ಪನ ಊರಿಗೆ ಹೊರಟ ದಿನ. ಆಮೇಲೆ ಫೋನೂ ಇಲ್ಲ. ಆಟೋದಲ್ಲಿ ಪೆಟ್ಟಿಗೆ ಇಟ್ಟು ಕೂತವಳು ಮತ್ತೆ ಇಳಿದು ಬಂದಳು.

"ದೊಡ್ಡಮ್ಮ," ಅಂದಳು, "ನಾನು ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗ್ತಿದ್ದದ್ದನ್ನ ನೀವು ನೋಡಿದ್ದೀರಲ್ವಾ?"